ಮುಳುಗಿದ ರಸ್ತೆಯ ಮೇಲೆ ನಡೆದು ಬಂದವರು

ಹೋದ ಭಾನುವಾರದ ಹಿಂದಿನ ಭಾನುವಾರ, ಸುಡುವ ಬಿಸಿಲಿನಲ್ಲಿ, ಭದ್ರಾ ಹಿನ್ನೀರಿನ ನಟ್ಟನಡುವೆ ನಾನು ನಡೆದೆ. ಈಜಲಿಲ್ಲ. ತೇಲಲಿಲ್ಲ. ಎದೆಮಟ್ಟದ ನೀರಿನಲ್ಲಿ ಒಂದೊಂದೇ ಹೆಜ್ಜೆ ಇಟ್ಟು, ಸರ್ಕಾರಿ ರಸ್ತೆಯ ಮೇಲೆ ನಡೆದೆ.

ನಂಬುವುದು ಕಷ್ಟ ಅಲ್ಲವೇ? ನಡೆದ ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಹೋದ ವಾರ ಈ ಅಂಕಣ ಬರಲಿಲ್ಲ. ‘ಲೇಖಕರ ಅನಾರೋಗ್ಯ’ ಎಂದು ಸಂಪಾದಕರು ಒಂದು ಸಾಲು ಹಾಕಿದ್ದರು. ಅನಾರೋಗ್ಯವೇನೂ ಇರಲಿಲ್ಲ. ಪೆನ್ನು ಹಿಡಿದು ಕೂತು, ಬರೆದದ್ದನ್ನೆಲ್ಲ ಹರಿದು ಹಾಕುತ್ತಿದ್ದೆ, ಅಷ್ಟೇ. ಈಗಲೂ ಅಡುಗೆಮನೆಯಲ್ಲಿ ಹೆಂಡತಿ ಕಾಯಿ ತುರಿಯಲು ಕೂತರೆ ನಾನು ಜಗಲಿಯಿಂದ ಎದ್ದು ಅಂಗಳಕ್ಕೆ ಹೋಗುತ್ತೇನೆ. ಆ ಸದ್ದು ನನಗೆ ಬೇರೊಂದು ಸದ್ದನ್ನು ನೆನಪಿಸುತ್ತದೆ. ನೀರಿನೊಳಗೆ ಮರಕ್ಕೆ ಮರ ಉಜ್ಜಿದ ಸದ್ದು.

ಮೊದಲಿನಿಂದ ಹೇಳುತ್ತೇನೆ.

ನರಸಿಂಹರಾಜಪುರದಲ್ಲಿ ನಾನು ಹೈಸ್ಕೂಲು ಮೇಷ್ಟ್ರು, ಗಣಿತ ಹೇಳಿಕೊಡುವವನು ಎಂಬುದು ನಿಮಗೆ ಗೊತ್ತೇ ಇದೆ. ಹಿನ್ನೀರಿನ ಆಚೆ ದಡದ ಹಳ್ಳಿಯೊಂದರಲ್ಲಿ ನನ್ನ ಸಹೋದ್ಯೋಗಿ ತಿಮ್ಮಪ್ಪಗೌಡರು ಹೊಸ ಮನೆ ಕಟ್ಟಿಸಿದ್ದಾರೆ. ಅವತ್ತು ಅದರ ಒಕ್ಕಲು, ಅಂದರೆ ಗೃಹಪ್ರವೇಶ. ಬಸ್ಸಿನಲ್ಲಿ ಸುತ್ತಿ ಹೋದರೆ ಅರ್ಧ ದಿನ. ದೋಣಿಯಲ್ಲಿ ಮುಕ್ಕಾಲು ಗಂಟೆ. ನಾನು, ನನ್ನ ಹೆಂಡತಿ ಶಾರದೆ ದೋಣಿಗೆ ಬಂದೆವು.

ದೋಣಿ ಈರಣ್ಣನವರದು. ವಯಸ್ಸು ಐವತ್ತೈದರ ಮೇಲೆ. ಮಾತು ಕಡಿಮೆ. (ಆರು ವರ್ಷದಿಂದ ನಾನು ಅವರನ್ನು ‘ನೀನು’ ಎನ್ನುತ್ತಿದ್ದೆ. ಈಗ ಆಗುತ್ತಿಲ್ಲ.) ನಮ್ಮ ಜೊತೆ ಇನ್ನು ಮೂರೇ ಜನ. ಪಾತ್ರೆ ವ್ಯಾಪಾರದ ಇಬ್ರಾಹಿಂ ಸಾಬರು, ಹಳ್ಳಿಹಳ್ಳಿಗೆ ಪಾತ್ರೆ ಹೊತ್ತು ಮಾರುವವರು. ಪುಟ್ಟಮ್ಮ ಎಂಬ ಹೆಂಗಸು. ಆಕೆಯ ಮಗಳು ಕಮಲ, ಬಾಣಂತನ ಮುಗಿಸಿ ಮೂರು ತಿಂಗಳ ಮಗಳನ್ನು ಎತ್ತಿಕೊಂಡು ಗಂಡನ ಮನೆಗೆ ಹೊರಟವಳು. ಆರು ಜನ, ಒಂದು ಕೂಸು, ಮೂರು ಜನರ ಜಾಗ ಹಿಡಿದ ಪಾತ್ರೆ ಗಂಟು.

ಈರಣ್ಣನವರ ದೋಣಿ ಯಾವತ್ತೂ ನೇರ ಹೋಗುವುದಿಲ್ಲ. ಎದುರಿಗೇ ಆಚೆ ದಡದ ದೊಡ್ಡ ಮಾವಿನ ಮರ ಕಾಣುತ್ತಿರುತ್ತದೆ. ಇವರು ಮಾತ್ರ ಎಡಕ್ಕೆ ಎಳೆದು, ನಡುನೀರಿನಲ್ಲಿ ಎಲ್ಲೋ ಒಂದು ಕಡೆ ತಿರುಗಿಸಿ, ಬಿಲ್ಲಿನ ಹಾಗೆ ಬಾಗಿ ಹೋಗುತ್ತಾರೆ. ಖಾಲಿ ನೀರಿನಲ್ಲಿ ಈ ತಿರುವು ಯಾಕೆ? ಆರು ವರ್ಷದಲ್ಲಿ ಒಂದು ಸಲವೂ ನಾನು ಕೇಳಿರಲಿಲ್ಲ. ಕೇಳದೆಯೇ ಅದನ್ನು ಹಳ್ಳಿಯವರ ಹಳೇ ಅಭ್ಯಾಸ ಎಂದು ತೀರ್ಮಾನ ಮಾಡಿದ್ದೆ. ಓದಿದವರಿಗೆ ತೀರ್ಮಾನ ಬೇಗ ಬರುತ್ತದೆ.

ಅವತ್ತು ನನಗೆ ಅವಸರ. ಎಂಥ ಅವಸರ ಎಂದು ಕೇಳಬೇಡಿ, ನಾಚಿಕೆಯಾಗುತ್ತದೆ. ಊಟದ ಮೊದಲ ಪಂಕ್ತಿ ತಪ್ಪುತ್ತದೆ ಎಂಬ ಅವಸರ.

“ಈರಣ್ಣ, ಇವತ್ತು ಸೀದಾ ಬಿಡು ಮಾರಾಯ. ಯಾಕೆ ಸುಮ್ನೆ ಊರೆಲ್ಲ ಸುತ್ತಿಸ್ತಿ?” ಎಂದೆ.

“ಆ ಕಡೆ ಬೇಡ ಮೇಷ್ಟ್ರೆ. ನೀರು ತುಂಬಾ ಇಳಿದಿದೆ,” ಎಂದರು ಅವರು.

“ನೀರು ಇಳಿದ್ರೆ ಒಳ್ಳೇದೇ ಆಯ್ತಲ್ಲ. ನೋಡು, ಎರಡು ಬಿಂದುಗಳ ನಡುವೆ ಅತಿ ಕಡಿಮೆ ದೂರ ಅಂದ್ರೆ ಸರಳರೇಖೆ. ನಿನ್ನ ಮಗನಿಗೂ ಇದನ್ನೇ ಹೇಳ್ಕೊಟ್ಟಿದ್ದು.”

ಇದು ಬರಿಯ ತಮಾಷೆಯಾಗಿರಲಿಲ್ಲ. ಅವರ ಮಗ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಒಮ್ಮೆ ಫೇಲಾಗಿದ್ದ. ನಾನು ಮನೆಗೆ ಕರೆಸಿ ಹೇಳಿಕೊಟ್ಟು ಪಾಸು ಮಾಡಿಸಿದ್ದೆ. ಅದನ್ನು ಆ ಹೊತ್ತಿನಲ್ಲಿ ಎತ್ತಿದರೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಕಡೆಯವರಿಗೆ ಮಗನನ್ನು ಪಾಸು ಮಾಡಿಸಿದ ಮೇಷ್ಟ್ರಿಗೆ ‘ಆಗೋದಿಲ್ಲ’ ಎನ್ನುವ ಬಾಯಿ ಇಲ್ಲ. ಈರಣ್ಣ ಒಂದು ಗಳಿಗೆ ನೀರು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ದೋಣಿಯ ಮೂತಿ ಮಾವಿನ ಮರದ ಕಡೆ ತಿರುಗಿತು.

ಅವರ ಕೃತಜ್ಞತೆಯನ್ನೇ ಹುಟ್ಟು ಮಾಡಿಕೊಂಡು ಅವರ ದೋಣಿಯನ್ನು ನಾನು ತಿರುಗಿಸಿದ್ದೆ.

ಅರ್ಧ ದಾರಿ ಸುಖವಾಗಿ ಹೋಯಿತು. “ನೋಡಿದ್ಯಾ?” ಎಂದು ನಾನು ಶಾರದೆಗೆ ಹೇಳಿದ್ದೂ ನೆನಪಿದೆ. ಆಗ ಆ ಸದ್ದು ಬಂತು. ದೋಣಿ ನಿಂತಿತು. ನಿಂತದ್ದಲ್ಲ, ಏನೋ ಕೆಳಗಿನಿಂದ ಹಿಡಿದುಕೊಂಡಿತು.

ಜಲಾಶಯ ತುಂಬುವ ಮೊದಲು ಅಲ್ಲಿ ಕಾಡಿತ್ತು. ಕಡಿದ ಮರಗಳ ಬೊಡ್ಡೆಗಳು ಇನ್ನೂ ನೀರೊಳಗೆ ನಿಂತಿವೆ. ಮಳೆಗಾಲದಲ್ಲಿ ಅವು ಎಷ್ಟೋ ಆಳದಲ್ಲಿರುತ್ತವೆ. ಬೇಸಿಗೆಯಲ್ಲಿ ನೀರು ಇಳಿದ ಹಾಗೆ ಒಂದೊಂದಾಗಿ ಮೇಲಕ್ಕೆ ಬರುತ್ತವೆ. ಕಣ್ಣಿಗೆ ಕಾಣುವಷ್ಟು ಬಂದರೆ ಭಯವಿಲ್ಲ. ಒಂದು ಗೇಣು ಕೆಳಗಿದ್ದರೆ ಮಾತ್ರ ಭಯ. ಅಂಥದ್ದೊಂದು ಬೊಡ್ಡೆ ತಳದ ಹಲಗೆಯನ್ನು ಸೀಳಿಕೊಂಡು ಇಬ್ರಾಹಿಂ ಸಾಬರ ಕಾಲ ಹತ್ತಿರ ತಲೆ ಹಾಕಿತ್ತು. ಅದರ ಸುತ್ತ ನೀರು ಬುಗ್ಗೆಯ ಹಾಗೆ ಏಳುತ್ತಿತ್ತು.

ಶಾರದೆ ಎದ್ದಳು. ದೋಣಿ ಒಂದು ಕಡೆಗೆ ವಾಲಿತು.

“ಅಮ್ಮಾರೆ, ಕೂತ್ಕೊಳ್ಳಿ. ಯಾರೂ ಏಳ್ಬೇಡಿ,” ಎಂದರು ಈರಣ್ಣ. ದನಿ ಏರಲಿಲ್ಲ. “ಈಜು ಯಾರ್ಯಾರಿಗೆ ಬರ್ತದೆ?”

ಯಾರಿಗೂ ಬರುತ್ತಿರಲಿಲ್ಲ. ಅಲ್ಲಿ ಆಳ ಎಷ್ಟಿತ್ತೋ ನನಗೆ ಗೊತ್ತಿಲ್ಲ. ಈರಣ್ಣನವರ ಉದ್ದನೆಯ ಬಿದಿರು ಗಳು ತಳ ಮುಟ್ಟಲಿಲ್ಲ ಎಂಬುದನ್ನು ಮಾತ್ರ ಕಣ್ಣಾರೆ ಕಂಡೆ. ಎರಡು ವಾರದಿಂದ ನನ್ನ ಕಣ್ಣ ಮುಂದೆ ಬರುವುದು ಮುಳುಗುವ ಚಿತ್ರವಲ್ಲ. ತಳ ಮುಟ್ಟದೆ ಹೋದ ಆ ಗಳು.

“ಮೇಷ್ಟ್ರೆ, ನಿಮ್ಮ ಪಂಚೆ ಕೊಡಿ,” ಎಂದರು.

ಒಕ್ಕಲಿಗೆಂದು ಚೀಲದಲ್ಲಿ ತಂದಿದ್ದ ಮಡಿ ಮುರಿಯದ ಜರಿ ಪಂಚೆ. ಕೊಟ್ಟೆ. ಅವರು ಗಳುವನ್ನು ಬೊಡ್ಡೆಗೆ ಆನಿಸಿ ದೋಣಿಯನ್ನು ಹಿಂದಕ್ಕೆ ನೂಕಿದರು. ಬೊಡ್ಡೆ ಕಳಚಿಕೊಂಡಿತು. ನೀರು ಈಗ ನಿಜವಾಗಿ ನುಗ್ಗಿತು. ಪಂಚೆಯನ್ನು ಉಂಡೆ ಮಾಡಿ ತೂತಿಗೆ ತುರುಕಿ, “ಸಾಬ್ರೆ, ಇದರ ಮೇಲೆ ಕಾಲಿಡಿ. ಪ್ರಾಣ ಹೋದ್ರೂ ತೆಗೀಬೇಡಿ,” ಎಂದರು.

“ಪ್ರಾಣ ಹೋದ್ಮೇಲೆ ನಾನೆಲ್ಲಿ ತೆಗೀತೇನೆ ಈರಣ್ಣ,” ಎಂದರು ಸಾಬರು. ಎರಡೂ ಕಾಲು ಊರಿ ಕೂತರು. ಕೂತವರೇ ಗಂಟು ಬಿಚ್ಚಿ, ಹೊಸ ಪಾತ್ರೆಗಳನ್ನು ಒಬ್ಬೊಬ್ಬರ ಕೈಗೆ ಎಸೆಯತೊಡಗಿದರು. “ತಗೊಳ್ಳಿ, ಎತ್ತಿ ಹಾಕಿ. ಅಮ್ಮ, ಆ ಚೊಂಬಲ್ಲ, ಈ ಪಾತ್ರೆ ತಗೊಳ್ಳಿ. ಬಾಯಿ ಅಗಲ ಉಂಟು.”

ನಾವು ನೀರು ಎತ್ತಿದೆವು. ಜೀವಮಾನದಲ್ಲಿ ನಾನು ಅಷ್ಟು ವೇಗವಾಗಿ ಯಾವ ಕೆಲಸವನ್ನೂ ಮಾಡಿಲ್ಲ. ಕಮಲ ಒಂದು ಕೈಯಲ್ಲಿ ಕೂಸನ್ನು ಅವುಚಿಕೊಂಡು ಇನ್ನೊಂದು ಕೈಯಲ್ಲಿ ಎತ್ತುತ್ತಿದ್ದಳು. ಪುಟ್ಟಮ್ಮ ಎತ್ತುತ್ತ ಎತ್ತುತ್ತಲೇ ಪಾತ್ರೆಯ ಅಂಚನ್ನು ಉಗುರಿನಿಂದ ಒತ್ತಿ ನೋಡಿ, “ಸಾಬ್ರೆ, ಇದು ಎಂತ ಇಷ್ಟು ತೆಳು?” ಎಂದರು.

“ನಿಮಗೆ ದಪ್ಪದ್ದು ಆ ದಡದಲ್ಲಿ ತೋರಿಸ್ತೇನೆ ಅಮ್ಮ. ಈಗ ಎತ್ತಿ,” ಎಂದರು ಸಾಬರು.

ಇದು ಧೈರ್ಯವೋ ಅಭ್ಯಾಸವೋ ನನಗೆ ಗೊತ್ತಿಲ್ಲ. ಸಾಯುವ ಭಯದಲ್ಲೂ ನಮ್ಮ ಹೆಂಗಸರು ಪಾತ್ರೆಯ ದಪ್ಪ ನೋಡುತ್ತಾರೆ ಎಂದಾದರೆ, ಈ ಸೀಮೆಗೆ ಅಷ್ಟು ಬೇಗ ಏನೂ ಆಗುವುದಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಆಗ ನಾನು ತಲೆಯೆತ್ತಿ ನೋಡಿದರೆ ಈರಣ್ಣ ದೋಣಿಯನ್ನು ದಡದ ಕಡೆ ಒಯ್ಯುತ್ತಲೇ ಇರಲಿಲ್ಲ. ಎಡಕ್ಕೆ, ಇನ್ನೂ ನಡುನೀರಿನ ಕಡೆಗೆ ಹುಟ್ಟು ಹಾಕುತ್ತಿದ್ದರು.

“ಈರಣ್ಣ, ದಡ ಆ ಕಡೆ. ಎಲ್ಲಿಗೆ ಹೋಗ್ತಿದೀಯ?” ಎಂದು ಕೂಗಿದೆ. (ಹೌದು, ಇನ್ನೂ ನನ್ನ ಸಲಹೆ ಮುಗಿದಿರಲಿಲ್ಲ.)

ಅವರು ತಿರುಗಿಯೂ ನೋಡಲಿಲ್ಲ. “ಮೇಷ್ಟ್ರೆ, ಈಗ ನೀವು ಸುಮ್ನೆ ನೀರು ಎತ್ತಿ.”

ಸುಮ್ಮನೆ ನೀರು ಎತ್ತಿದೆ. ನಾವು ಎತ್ತುವುದಕ್ಕಿಂತ ಒಳಗೆ ಬರುವುದು ಹೆಚ್ಚಾಗುತ್ತಿತ್ತು. ಮೊದಲು ಹರಡಿಗೆ, ಆಮೇಲೆ ಮೀನಖಂಡಕ್ಕೆ, ಕೂತವರ ಸೊಂಟಕ್ಕೆ. ದೋಣಿಯ ಅಂಚಿಗೂ ನೀರಿಗೂ ಎರಡು ಬೆರಳು ಉಳಿದಿತ್ತು. ಶಾರದೆ ನನ್ನ ಕಡೆ ನೋಡಿದಳು. ಅವಳ ಕಣ್ಣಲ್ಲಿ ಬೈಗುಳ ಇರಲಿಲ್ಲ. ಅದು ಇದ್ದಿದ್ದರೆ ಚೆನ್ನಾಗಿತ್ತು.

ಆಗ ಈರಣ್ಣ ಗಳು ಇಳಿಸಿದರು. ಅದು ಟಕ್ಕೆಂದು ನಿಂತಿತು. ಅವರು ಹುಟ್ಟು ಒಳಗಿಟ್ಟು, ದೋಣಿಯ ಅಂಚಿನಿಂದ ನೀರಿಗೆ ಜಾರಿದರು. ಮುಳುಗಲಿಲ್ಲ. ನಿಂತರು. ಎದೆಯ ತನಕ ಮಾತ್ರ ನೀರು.

“ಇಳೀರಿ. ರಸ್ತೆ ಬಂತು,” ಎಂದರು, ಬಸ್ಸಿನ ಕಂಡಕ್ಟರು ಸ್ಟಾಪು ಹೇಳುವ ಹಾಗೆ.

ಆಗ ಗೊತ್ತಾಯಿತು ಆ ತಿರುವಿನ ಗುಟ್ಟು. ಊರುಗಳು ಮುಳುಗುವ ಮೊದಲು ಅಲ್ಲೊಂದು ರಸ್ತೆ ಇತ್ತು. ಗದ್ದೆ ಬಯಲಿನಲ್ಲಿ ಏರಿ ಹಾಕಿ ಎತ್ತರಿಸಿದ ರಸ್ತೆ. ರಸ್ತೆಯ ಮೇಲೆ ಮರ ಇರುವುದಿಲ್ಲ, ಮರ ಇಲ್ಲದ ಕಡೆ ಬೊಡ್ಡೆ ಇರುವುದಿಲ್ಲ. ಈರಣ್ಣ ಇಷ್ಟು ವರ್ಷ ದೋಣಿ ನಡೆಸುತ್ತಿದ್ದದ್ದು ನೀರಿನ ಮೇಲಲ್ಲ, ಆ ರಸ್ತೆಯ ಮೇಲೆ. ಯೌವನದಲ್ಲಿ ಗಾಡಿ ಹೊಡೆದುಕೊಂಡು ಹೋಗುತ್ತಿದ್ದ ಅದೇ ದಾರಿ. ಕಣ್ಣಿಗೆ ಕಾಣದಿದ್ದರೂ ಅವರು ಅದನ್ನು ಬಿಟ್ಟಿರಲಿಲ್ಲ.

ಒಬ್ಬೊಬ್ಬರಾಗಿ ಇಳಿದೆವು. ಕಾಲಿಗೆ ಕೆಸರು, ಕೆಸರಿನ ಕೆಳಗೆ ಗಟ್ಟಿ ಜಲ್ಲಿ. ಆ ಜಲ್ಲಿ ಪಾದಕ್ಕೆ ಚುಚ್ಚಿದಾಗ ಆದ ಸಂತೋಷವನ್ನು ನಾನು ಹೇಗೆ ವರ್ಣಿಸಲಿ? ಕೊಪ್ಪದ ರಸ್ತೆಯ ಜಲ್ಲಿಯ ಬಗ್ಗೆ ಇದೇ ಅಂಕಣದಲ್ಲಿ ಮೂರು ಸಲ ಬೈದು ಬರೆದಿದ್ದೇನೆ. ಆ ಮೂರನ್ನೂ ವಾಪಸು ತೆಗೆದುಕೊಳ್ಳುತ್ತಿದ್ದೇನೆ.

ಕೂಸು? ಸಾಬರ ಗಂಟಿನಲ್ಲಿ ಒಂದು ದೊಡ್ಡ ಅಲ್ಯೂಮಿನಿಯಂ ದಬರಿ ಇತ್ತು, ಮದುವೆ ಮನೆಯ ಸಾರು ಮಾಡುವಂಥದ್ದು. ಅದರ ಒಳಗನ್ನು ಶಾರದೆಯ ನೆನೆಯದ ಸೆರಗಿನ ತುದಿಯಿಂದ ಒರೆಸಿ, ತಮ್ಮ ತಲೆಯ ರುಮಾಲನ್ನು ಹಾಸಿ, “ಕೊಡು ಮಗಾ,” ಎಂದು ಸಾಬರು ಕೈ ಚಾಚಿದರು. ಕಮಲ ಒಂದು ಕ್ಷಣ ತಾಯಿಯ ಕಡೆ ನೋಡಿದಳು. “ಕೊಡೇ,” ಎಂದರು ಪುಟ್ಟಮ್ಮ. ದಬರಿ ಸಾಬರ ತಲೆಯ ಮೇಲೆ ಏರಿತು. ಮೂವತ್ತು ವರ್ಷ ಪಾತ್ರೆ ಹೊತ್ತ ತಲೆ ಅದು. ಕಮಲ ಪಕ್ಕದಲ್ಲೇ ಅದರ ಅಂಚು ಹಿಡಿದು ನಡೆದಳು.

ಮುಂದೆ ಈರಣ್ಣ, ಗಳುವಿನಿಂದ ರಸ್ತೆಯ ಅಂಚು ತಡವುತ್ತ. ಹಿಂದೆ ನಾವು, ಒಬ್ಬರ ಭುಜದ ಮೇಲೆ ಇನ್ನೊಬ್ಬರ ಕೈ. ಸುತ್ತ ನಾಲ್ಕೂ ದಿಕ್ಕಿಗೆ ನೀರು.

“ಇಲ್ಲಿ ಸ್ವಲ್ಪ ಎಡಕ್ಕೆ ಬನ್ನಿ. ಬಲಕ್ಕೆ ಮೋರಿ ಒಡೆದಿದೆ,” ಎನ್ನುವರು ಈರಣ್ಣ. ಮತ್ತೆ ಹತ್ತು ಹೆಜ್ಜೆಗೆ, “ಇದು ನಮ್ಮ ಗದ್ದೆಗೆ ಇಳಿಯೋ ದಾರಿ.” ನೋಡಿದರೆ ಅಲ್ಲಿ ಏನಿದೆ? ನೀರು. ನನ್ನ ಹೆಬ್ಬೆರಳು ಒಂದು ಕಲ್ಲಿಗೆ ಎಡವಿತು. “ಅದು ಮೈಲಿಗಲ್ಲು ಮೇಷ್ಟ್ರೆ. ಮುಟ್ಟಿ ನೋಡಿ, ಅಕ್ಷರ ಇನ್ನೂ ಸಿಗ್ತದೆ.”

ಶಾರದೆ ಹಿಂದಿನಿಂದ, “ಕೇಳಿ ನೋಡಿ, ಊಟದ ಮನೆಗೆ ಇನ್ನೆಷ್ಟು ಮೈಲಿ ಅಂತ,” ಎಂದಳು. ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಕುತ್ತಿಗೆಯವರೆಗೆ ಒದ್ದೆಯಾದ ಐದು ಜನ ಹಿನ್ನೀರಿನ ನಡುವೆ ನಿಂತು ಹೊಟ್ಟೆ ಹಿಡಿದು ನಕ್ಕೆವು. ನಕ್ಕರೆ ದಬರಿ ಅಲುಗುತ್ತದೆ ಎಂದು ಸಾಬರು ಮಾತ್ರ ತುಟಿ ಕಚ್ಚಿಕೊಂಡಿದ್ದರು.

ನೀರು ಎದೆಯಿಂದ ಸೊಂಟಕ್ಕೆ ಇಳಿಯಿತು. ಸೊಂಟದಿಂದ ಮೊಣಕಾಲಿಗೆ. ದಡದಲ್ಲಿ ಕಮಲಳ ಗಂಡ ಕೊಡೆ ಹಿಡಿದು ನಿಂತಿದ್ದ. ದೋಣಿಗಾಗಿ ಕಾಯುತ್ತಿದ್ದವನ ಎದುರು ಹೆಂಡತಿ ಹಿನ್ನೀರಿನಿಂದ ನಡೆದು ಬಂದಳು, ಮಗಳು ದಬರಿಯಲ್ಲಿ ಬಂದಳು. ಕೊಡೆ ಅವನ ಕೈಯಿಂದ ಬಿದ್ದು ಹಾರಿಹೋಯಿತು. ಅದನ್ನು ಹಿಡಿಯಲು ಯಾರೂ ಹೋಗಲಿಲ್ಲ. ಕೂಸು ದಾರಿಯುದ್ದಕ್ಕೂ ನಿದ್ದೆ ಮಾಡಿತ್ತು. ದಡಕ್ಕೆ ಇಳಿಸಿದ ಮೇಲೆ ಎಚ್ಚರವಾಗಿ, ಒಂದು ಆಕಳಿಕೆ ತೆಗೆದು, ಎಲ್ಲರನ್ನೂ ಒಮ್ಮೆ ನೋಡಿತು.

ನಾವು ಗೆದ್ದಿದ್ದೆವು. ಬೇರೆ ಪದ ನನಗೆ ಗೊತ್ತಿಲ್ಲ. (ಊಟವೂ ಸಿಕ್ಕಿತು. ಮೂರನೇ ಪಂಕ್ತಿ. ಗೌಡರ ಮನೆಯ ಒಣ ಪಂಚೆ ಉಟ್ಟು, ಎಲ್ಲರೂ ಒಟ್ಟಿಗೆ ಕೂತು ಉಂಡೆವು. ಅಂಥ ಸಾರನ್ನು ನಾನು ಹಿಂದೆ ಉಂಡಿರಲಿಲ್ಲ.)

ಇಲ್ಲಿಗೆ ಮುಗಿಸಿದ್ದರೆ ಸುಖವಾಗಿತ್ತು. ಆದರೆ ಈ ಬರಹ ಬರೆಯಲು ಕಾರಣವಾದದ್ದು ಆಮೇಲಿನ ಕಥೆ.

ಮೂರನೆಯ ದಿನ ಕೊಪ್ಪಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಅಡಿಕೆ ಮಂಡಿಯವರೊಬ್ಬರು ಎದ್ದು ಬಂದು ಕೈ ಹಿಡಿದರು. “ಏನು ಮೇಷ್ಟ್ರೆ, ಲೆಕ್ಕ ಹಾಕಿ ರಸ್ತೆ ಎಲ್ಲಿದೆ ಅಂತ ಹೇಳಿದ್ರಂತೆ. ನೀವು ಇಲ್ದಿದ್ರೆ ಅಷ್ಟೂ ಜನ ಹೋಗ್ತಿದ್ರಂತೆ. ಓದಿದವರು ಓದಿದವರೇ ಮಾರಾಯ್ರೆ.”

ನಾನು ಏನು ಹೇಳಿದೆ? ಏನೂ ಹೇಳಲಿಲ್ಲ. ಕಾಫಿ ಕುಡಿದೆ. ಮರುದಿನ ಶಾಲೆಯಲ್ಲಿ ಹೆಡ್‌ಮಾಸ್ಟರು ಇದನ್ನೇ ಹೇಳಿದರು. ಆಗಲೂ ತಲೆ ತಗ್ಗಿಸಿ ನಕ್ಕೆ. ಅದನ್ನು ಅವರು ವಿನಯ ಎಂದುಕೊಂಡರು.

ಮನೆಯಲ್ಲಿ ಶಾರದೆ ಒಂದೇ ಮಾತು ಹೇಳಿದಳು. “ಅವತ್ತು ದೋಣಿ ಮುಳುಗಿದ್ರೆ ಈರಣ್ಣನ ತಪ್ಪು ಅಂತಿದ್ರು. ಮುಳುಗ್ಲಿಲ್ಲ, ನಿಮ್ಮ ಬುದ್ಧಿ ಅಂತಿದಾರೆ. ಒಳ್ಳೆ ಲೆಕ್ಕ ನಿಮ್ಮದು.”

ಆ ಸಂಜೆಯೇ ದಡಕ್ಕೆ ಹೋದೆ. ಈರಣ್ಣ ನಡುನೀರಿನಿಂದ ಎಳೆದು ತಂದ ದೋಣಿಯನ್ನು ಮಗುಚಿ ಹಾಕಿ ಹೊಸ ಹಲಗೆ ಕೂರಿಸುತ್ತಿದ್ದರು. ಪಕ್ಕದಲ್ಲಿ ಕೂತೆ. ನಮ್ಮ ಕಡೆ ಬಾಯಿಬಿಟ್ಟು ಉಪಕಾರ ಹೇಳುವ ರೂಢಿಯೇ ಇಲ್ಲವಲ್ಲ. ಬಾಳೆಗೊನೆ ಕಳಿಸುತ್ತೇವೆ, ಹಲಸಿನ ಹಣ್ಣು ಕಳಿಸುತ್ತೇವೆ, ಮಾತು ಮಾತ್ರ ಕಳಿಸುವುದಿಲ್ಲ. ಕೊನೆಗೆ ಇಂಗ್ಲಿಷಿನ ಸಹಾಯ ತೆಗೆದುಕೊಂಡೆ.

“ಈರಣ್ಣ, ಥ್ಯಾಂಕ್ಸ್.”

“ಎಂತಕ್ಕೆ?”

“ತಪ್ಪು ನಂದು. ಊರವರು ನನ್ನನ್ನ ಹೊಗಳ್ತಿದಾರೆ. ನೀವಾದ್ರೂ ನಿಜ ಹೇಳ್ಬೇಕಿತ್ತು.”

ಅವರು ಮೊಳೆ ಹೊಡೆಯುವುದನ್ನು ನಿಲ್ಲಿಸಲಿಲ್ಲ. “ತಪ್ಪು ನಂದೂ ಉಂಟು ಮೇಷ್ಟ್ರೆ. ನೀವು ಹೇಳಿದ್ರಿ ಅಂತ ದಾರಿ ಬಿಟ್ಟವನು ನಾನು. ಹುಟ್ಟು ನನ್ನ ಕೈಲಿತ್ತಲ್ಲ.”

“ನಿಮ್ಮ ಗದ್ದೆ ಅಲ್ಲೇ ಇತ್ತು ಅಂದ್ರಲ್ಲ, ನೀರೊಳಗೆ?”

“ಹೂಂ. ಮನೇನೂ ಅಲ್ಲೇ. ಮೊದಮೊದಲು ಈ ನೀರು ಕಂಡ್ರೆ ಮೈಗೆ ಬೆಂಕಿ ಬಿದ್ದ ಹಾಗೆ ಆಗ್ತಿತ್ತು. ಎರಡು ವರ್ಷ ಈ ಕಡೆ ಮುಖ ಹಾಕಿಲ್ಲ. ಆಮೇಲೆ ಒಂದಿನ ಯಾರಿಗೋ ಆಚೆ ದಾಟ್ಬೇಕಿತ್ತು, ಜ್ವರದ ಹೆಂಗಸು. ದಾಟಿಸ್ದೆ. ನೋಡಿದ್ರೆ ದಾರಿ ಅಡೀಲಿ ಹಾಗೇ ಉಂಟು. ಮುಳುಗಿದ್ದು ಮುಳುಗ್ತು ಮೇಷ್ಟ್ರೆ. ದಾರಿ ಉಂಟಲ್ಲ. ದಿನಾ ಬೆಳಗ್ಗೆ ದೋಣಿ ಬಿಡುವಾಗ ಅದಕ್ಕೊಂದು ಕೈ ಮುಗೀತೇನೆ, ಅಷ್ಟೇ.”

ಗದ್ದೆ ನುಂಗಿದ ನೀರಿನಲ್ಲೇ ಕೈ ಮುಗಿಯಲು ಒಂದು ಜಾಗ ಹುಡುಕಿಕೊಂಡ ಮನುಷ್ಯ. ನಾನು ಈ ಅಂಕಣದಲ್ಲಿ ವರ್ಷಗಟ್ಟಲೆ ಬರೆದದ್ದು ಏನು? ಬಸ್ಸು ಲೇಟು, ಕರೆಂಟಿಲ್ಲ, ಸೀಮೆಎಣ್ಣೆ ಇಲ್ಲ. ಅವೆಲ್ಲ ಸುಳ್ಳಲ್ಲ. ಬಸ್ಸು ಈಗಲೂ ಲೇಟೇ. ಆದರೆ ಈಗ ಬಸ್‌ಸ್ಟ್ಯಾಂಡಿನಲ್ಲಿ ಕಾಯುವಾಗ ಕಾಲ ಕೆಳಗೆ ನೆಲ ಇದೆ ಎಂಬುದು ಗೊತ್ತಾಗುತ್ತದೆ. ಬೆಳಗ್ಗೆ ಎದ್ದು ಪಾದ ಊರಿದಾಗ ಒಡೆದ ಸಿಮೆಂಟು ನೆಲ ತಣ್ಣಗೆ ತಾಗುತ್ತದೆ. ಹೆದರಿಕೆ ಹೋಗಿಲ್ಲ. ಅದರ ಪಕ್ಕದಲ್ಲೇ ಕೃತಜ್ಞತೆಯೂ ಬಂದು ಕೂತಿದೆ.

ಮೊನ್ನೆ ಭಾನುವಾರ ಮತ್ತೆ ದೋಣಿ ಹತ್ತಿದೆ. ತಾಯಿಮನೆಯಲ್ಲಿ ಉಳಿದ ತೊಟ್ಟಿಲು, ಬಟ್ಟೆಗಳನ್ನು ಒಯ್ಯಲು ಕಮಲ, ಅವಳ ಗಂಡ ಬಂದಿದ್ದರು. ಕೂಸೂ ಇತ್ತು. ಅವಳು ಕೂಸನ್ನು ಯೋಚನೆ ಮಾಡದೆ ನನ್ನ ಮಡಿಲಿಗೆ ಹಾಕಿ ತೊಟ್ಟಿಲು ಹಿಡಿದುಕೊಂಡಳು. ನಾನೇ ಅವತ್ತಿನ ತಪ್ಪಿತಸ್ಥ ಎಂಬುದು ಅವಳಿಗೆ ಗೊತ್ತು, ಅವಳ ಎದುರಿಗೇ ನಡೆದದ್ದು. ಆದರೂ ಹಾಕಿದಳು. ನಡುನೀರಿನ ತಿರುವು ದಾಟುವಷ್ಟು ಹೊತ್ತು ಕೂಸು ನನ್ನ ಹೆಬ್ಬೆರಳನ್ನು ಹಿಡಿದೇ ಇತ್ತು.

ದಡದಲ್ಲಿ ಎಲ್ಲರೂ ಇಳಿದ ಮೇಲೆ ಈ ಬರಹವನ್ನು ಈರಣ್ಣನವರಿಗೆ ಓದಿ ಹೇಳಿದೆ. ನಡೆದದ್ದು ನಡೆದ ಹಾಗೆ, ನನ್ನ ತಪ್ಪೂ ಸೇರಿ, ಪೇಪರಿನಲ್ಲಿ ಬರುತ್ತದೆ ಎಂದೆ. ಅವರು ಪೂರ್ತಿ ಕೇಳಿದರು. ತಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ.

“ಸಾಬ್ರ ಕಾಲಿಗೆ ಆ ಬೊಡ್ಡೆ ಚುಚ್ಚಿ ರಕ್ತ ಬರ್ತಿತ್ತು. ಅವರು ಕಾಲು ತೆಗೀಲಿಲ್ಲ. ಅದನ್ನ ಬರೆದಿಲ್ವಲ್ಲ ನೀವು?” ಎಂದರು.

ನಾನು ನೋಡಿರಲಿಲ್ಲ. ಸಾಬರೂ ಹೇಳಿರಲಿಲ್ಲ. ಈಗ ಬರೆದಿದ್ದೇನೆ.

ಉಳಿಸಿದವರೇ ಹೀಗೆ ಒಬ್ಬರ ಉಪಕಾರವನ್ನು ಇನ್ನೊಬ್ಬರು ನೆನೆಯುತ್ತಿರುವಾಗ, ಉಳಿದುಕೊಂಡ ನಾವು ಬಾಯಿ ಮುಚ್ಚಿಕೊಂಡು ಕಾಫಿ ಕುಡಿಯುವುದು ಸರಿಯೇ?